ಕಾಟಮ್ಮನ ಪಾಳಿ

ಚಳ್ಳಕೆರೆಯಲ್ಲಿ ನಿಂಗಕ್ಕನ ಮನೆಯ ಮುಂದೆ ಒಂದು ಕಲ್ಲಿನ ಕಟ್ಟೆಯಿದೆ. ರೊಟ್ಟಿ ಬಡಿದು, ಪಾತ್ರೆ ತಿಕ್ಕಿ, ಒಲೆ ಒರೆಸಿ ಮುಗಿಯುವ ಹೊತ್ತಿಗೆ ಅಲ್ಲಿಗೆ ಎಳೆ ಬಿಸಿಲು ಬಂದಿರುತ್ತದೆ. ನಿಂಗಕ್ಕ ಹೆತ್ತವ್ವ ಕಾಟಮ್ಮನನ್ನು ಮೆಲ್ಲಗೆ ನಡೆಸಿಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿ, ಬೆಚ್ಚಗೆ ಮಾಡಿದ ಶೇಂಗಾ ಎಣ್ಣೆಯನ್ನು ಅವಳ ಪಾದಕ್ಕೆ ತಿಕ್ಕುತ್ತಾಳೆ. ಕಾಟಮ್ಮ ಕಣ್ಣು ಮುಚ್ಚಿ, ಬೆಕ್ಕಿನ ಹಾಗೆ ಗಂಟಲಲ್ಲೇ ಸದ್ದು ಮಾಡುತ್ತಾಳೆ. ತಿಕ್ಕಿ ಮುಗಿದ ಮೇಲೂ ನಿಂಗಕ್ಕ ಏಳುವುದಿಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಕಟ್ಟೆಯನ್ನು ದಿನಾ ಗುಡಿಸಿ ತೊಳೆದಿದ್ದಾಳೆ, ಅದರ ಮೇಲೆ ಹೊತ್ತು ಹೋಗುವಷ್ಟು ಕೂತಿದ್ದು ಮಾತ್ರ ಅವ್ವ ಬಂದ ಮೇಲೆಯೇ. ಮನೆಯಲ್ಲಿ ಹೆಂಗಸೊಬ್ಬಳು ಸುಮ್ಮನೆ ಕೂರಬೇಕೆಂದರೆ ಯಾರಿಗಾದರೂ ಕಾಯಿಲೆಯಾಗಿರಬೇಕು.

ಶೇಂಗಾ ಕೀಳುವ ಕಾಲದಲ್ಲಿ ಉಪ್ಪು ಹಾಕಿ ಕುದಿಸಿದ ಹಸಿ ಕಾಯಿಯ ಬೋಗುಣಿ ಇಬ್ಬರ ನಡುವೆ ಇರುತ್ತಿತ್ತು. ಕಾಟಮ್ಮ ಕಾಯಿ ಸುಲಿದು ಬೀಜವನ್ನೆಲ್ಲ ಮಗಳ ಮಡಿಲಿಗೆ ಹಾಕುತ್ತಿದ್ದಳು.

"ತಿನ್ನು ನಿಂಗಿ. ಕೆಲಸ ಎಲ್ಲಿಗ್ ಓಡಿಹೋಗ್ತೈತೆ?"

ಈ ಮಾತು ಕೇಳಿದಾಗಲೆಲ್ಲ ನಿಂಗಕ್ಕನಿಗೆ ನಗು ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು. ಅವಳು ಚಿಕ್ಕವಳಿದ್ದಾಗ ಕೂತಲ್ಲಿಂದ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತಿದ್ದವಳು ಇದೇ ಅವ್ವ. ಮರೆವು ಅವ್ವನಿಂದ ಒಂದೊಂದನ್ನೇ ಕಿತ್ತುಕೊಂಡು ಹೋಗುತ್ತಿತ್ತು. ಗಂಡ ತೀರಿದ್ದನ್ನು ಮರೆತಳು, ಬಚ್ಚಲಿನ ದಾರಿ ಮರೆತಳು, ತುತ್ತು ನುಂಗುವುದನ್ನೇ ಕೆಲವೊಮ್ಮೆ ಮರೆತು ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದಳು. ಹಾಗೆ ಕಿತ್ತುಕೊಂಡು ಹೋಗುವಾಗ ಅವಸರವನ್ನೂ ಒಯ್ದುಬಿಟ್ಟಿತ್ತು.

ಅವಳನ್ನು ನೋಡಿಕೊಳ್ಳುವುದಕ್ಕೆ ಪಾಳಿ ಇತ್ತು. ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಮಗಳ ಮನೆ, ಆಮೇಲೆ ಮೊಳಕಾಲ್ಮೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಮಗ ಪೆದ್ದಣ್ಣನ ಮನೆ. ಪಾಳಿ ಮಾಡಿದವನು ಪೆದ್ದಣ್ಣನೇ. "ಹೆಣ್ಮಕ್ಳಿಗೂ ಸಮಪಾಲು ಅಂತ ಕಾನೂನೇ ಐತಲ್ಲ," ಅಂದಿದ್ದ. "ಹೊಲದಾಗೂನಾ ಅಣ್ಣ?" ಎಂದು ನಿಂಗಕ್ಕ ಕೇಳಿದಾಗ ಅವನಿಗೆ ಯಾರದೋ ಫೋನು ಬಂದಿತ್ತು.

ಹೊಲದ ಮಾತು ಹಾಗಿರಲಿ. ಕಾಟಮ್ಮನಿಗೆ ಒಂದು ಮನೆಯ ಗೋಡೆ, ಬಾಗಿಲು ರೂಢಿಯಾಗುವಷ್ಟರಲ್ಲಿ ಬಸ್ಸು ಹತ್ತಬೇಕಾಗುತ್ತಿತ್ತು. ಹೊಸ ಜಾಗದಲ್ಲಿ ಬಚ್ಚಲು ಸಿಗದೆ ಸೀರೆ ಒದ್ದೆಯಾದರೆ, ನಾಚಿಕೆಯಿಂದ ಅದನ್ನು ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದಳು. ಹೋದ ಪಾಳಿಯಲ್ಲಿ ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿಗೆ ಒಬ್ಬಳೇ ನಡೆದು ಹೋಗಿ, ಸಿಕ್ಕವರನ್ನೆಲ್ಲ "ನಮ್ಮೂರಿಗೆ ಬಿಡ್ರಪ್ಪಾ" ಎಂದು ಕೇಳಿದ್ದಳಂತೆ. ಅವಳನ್ನು ಹುಡುಕಿ ತಂದವಳು ಪೆದ್ದಣ್ಣನ ಹೆಂಡತಿ ಕಾಂಚನಾ. ಫೋನಿನಲ್ಲಿ ಅದನ್ನು ಹೇಳುತ್ತಾ ಅತ್ತವಳೂ ಅವಳೇ.

ಅವ್ವ ಇನ್ನು ತಿರುಗುವುದು ಬೇಡ, ಇಲ್ಲೇ ಇರಲಿ ಎಂಬ ಮಾತು ಎಷ್ಟೋ ಸಲ ನಿಂಗಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಅಂದ ಮರುಗಳಿಗೆ ಅವ್ವನ ಉಚ್ಚೆಬಟ್ಟೆಯಿಂದ ಹಿಡಿದು ಕೊನೆಯ ತುತ್ತಿನವರೆಗೆ ಎಲ್ಲವೂ ತನ್ನೊಬ್ಬಳ ತಲೆಗೆ ಬರುತ್ತದೆ, ಅಣ್ಣ, ಗಂಡ ಇಬ್ಬರೂ ತನ್ನನ್ನು ಹೊಗಳಿ ಕೈ ತೊಳೆದುಕೊಳ್ಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಸುಮ್ಮನಿದ್ದಳು.

ಆ ಸಲ ಅಮಾವಾಸ್ಯೆ ಕಳೆದ ಮರುದಿನ ಪೆದ್ದಣ್ಣ ಕರೆದೊಯ್ಯಲು ಬರುವುದಿತ್ತು. ನಿಂಗಕ್ಕ ಒಳಗೆ ಅವ್ವನ ಸೀರೆ, ಮಾತ್ರೆ ಚೀಲಕ್ಕೆ ತುಂಬುತ್ತಿದ್ದಳು. ರಾಗಿ ಅಂಬಲಿಯ ಪಾತ್ರೆ ಆರಲೆಂದು ಹಿತ್ತಿಲ ಬಾಗಿಲಲ್ಲಿತ್ತು. ನಾದಿನಿಯ ಮಗಳ ಮದುವೆಗೆ ಉಡಬೇಕೆಂದು ಪೆಟ್ಟಿಗೆಯಿಂದ ತೆಗೆದ ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ಬೇವಿನ ಮರದ ನೆರಳಲ್ಲಿ ಉದ್ದಕ್ಕೂ ಹರವಿ ಗಾಳಿಗೆ ಬಿಟ್ಟಿದ್ದಳು.

ಹೊರಗೆ ಬಂದು ನೋಡಿದರೆ, ಕಾಟಮ್ಮ ಸುಣ್ಣ ಬಳಿಯುವ ಕುಂಚವನ್ನು ಅಂಬಲಿಗೆ ಅದ್ದಿ ಅದ್ದಿ ಆ ಸೀರೆಗೆ ಬಳಿಯುತ್ತಿದ್ದಳು.

"ಅವ್ವಾ! ರೇಷ್ಮೆ ಸೀರೆ ಕಣೇ ಅದು!"

ಕಾಟಮ್ಮ ತಿರುಗಿಯೂ ನೋಡಲಿಲ್ಲ. "ಗಂಜಿ ನೀರಾಗೈತೆ. ಯಾರೇ ಕಾಸಿದ್ದು? ಹಿಂಗೆ ಕಾಸಿದ್ರೆ ನೂಲು ನಿಲ್ತೈತಾ?"

ನಿಂಗಕ್ಕನಿಗೆ ಆಗ ಅರ್ಥವಾಯಿತು. ಅವಳು ಹುಟ್ಟಿ ಬೆಳೆದ ನನ್ನಿವಾಳದ ಮನೆಯಲ್ಲಿ ಕಂಬಳಿ ನೇಯುತ್ತಿದ್ದರು. ಉಣ್ಣೆಯ ನೂಲನ್ನು ಬೀದಿಯ ಉದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜ ಅರೆದು ಕಾಸಿದ ಗಂಜಿಯನ್ನು ಕುಂಚದಿಂದ ಬಳಿದು, ನೂಲು ಬಿಗಿಯಾದ ಮೇಲೆಯೇ ಮಗ್ಗಕ್ಕೆ ಏರಿಸುವುದು. ಉಣ್ಣೆ ಬಿಡಿಸುವುದು, ನೂಲುವುದು, ಬೀಜ ಅರೆಯುವುದು, ಗಂಜಿ ಬಳಿಯುವುದು ಎಲ್ಲ ಅವ್ವನದು. ಮಗ್ಗದ ಮುಂದೆ ಕೂರುತ್ತಿದ್ದವನು ಅಪ್ಪ. ಊರಿನವರು ಅಪ್ಪನನ್ನು ಕಂಬಳಿ ಯರ್ರಪ್ಪ ಎನ್ನುತ್ತಿದ್ದರು. ಅವ್ವನನ್ನು ಯರ್ರಪ್ಪನ ಹೆಂಡತಿ ಎನ್ನುತ್ತಿದ್ದರು.

ಬೈಯಲು ಹೋದವಳು ಅವ್ವನ ಕೈ ನೋಡಿದಳು. ಚಮಚ ಹಿಡಿದರೆ ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲುವ ಕೈ ಕುಂಚ ಹಿಡಿದು ಒಂದಿಷ್ಟೂ ನಡುಗದೆ, ಒಂದೇ ಎಳೆತಕ್ಕೆ ಅಂಚಿನಿಂದ ಅಂಚಿಗೆ ಹೋಗುತ್ತಿತ್ತು. ಬಾಗಿಹೋಗಿದ್ದ ಬೆನ್ನು ನೆಟ್ಟಗಾಗಿತ್ತು.

ಅದೇ ಹೊತ್ತಿಗೆ ಪೆದ್ದಣ್ಣ ಬಿಳಿ ಅಂಗಿ ತೊಟ್ಟು ಹಿತ್ತಿಲಿಗೆ ಬಂದ. "ಲೇ ನಿಂಗಿ, ಏನೇ ಇದು ಅವತಾರ?"

ಕಾಟಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಬಂದ್ಯೇನಪ್ಪಾ? ಕೂಲಿಗೆ ಬರೋ ಹೊತ್ತಾ ಇದು? ನೆತ್ತಿ ಮ್ಯಾಲೆ ಬಂದೈತೆ ಹೊತ್ತು. ಆ ತುದಿ ಹಿಡಿ. ಗಟ್ಟಿಗಾ ಪಟ್ಟುಕೋ!" ಅವಳ ತವರು ಗಡಿಯಾಚೆಯ ತೆಲುಗು ಊರು. ಈಚೆಗೆ ಆ ಮಾತು ಕನ್ನಡದ ನಡುವೆ ತಾನಾಗಿ ನುಗ್ಗುತ್ತಿತ್ತು.

ಆ ದನಿಗೆ ಪೆದ್ದಣ್ಣ ಹುಡುಗನಂತಾಗಿ, ಸೀರೆಯ ತುದಿಯನ್ನು ಗಟ್ಟಿಯಾಗಿ ಹಿಡಿದು ನಿಂತ.

ಅಣ್ಣನ ಎರಡೂ ಕೈ ಸಿಕ್ಕಿಬಿದ್ದಿರುವುದನ್ನು ನಿಂಗಕ್ಕ ನೋಡಿದಳು. ಈಗ ಫೋನು ಬಂದರೂ ಅವನು ತೆಗೆಯುವ ಹಾಗಿಲ್ಲ.

"ಅಣ್ಣ, ಅವ್ವ ಇನ್ನು ಎಲ್ಲಿಗೂ ಬರಲ್ಲ. ಇಲ್ಲೇ ಇರ್ತಾಳೆ."

ಪೆದ್ದಣ್ಣನ ಮುಖ ಅರಳಿತು. "ನಂಗೊತ್ತಿತ್ತು ಬಿಡವ್ವ. ಹೆಣ್ಮಕ್ಳ ಕರುಳೇ ಕರುಳು."

"ಕರುಳಿನ ಮಾತು ಆಮ್ಯಾಕೆ. ಪಾಳಿ ನಿಲ್ಲಲ್ಲ. ಅವ್ವ ತಿರುಗಿದ್ದು ಸಾಕು, ಇನ್ಮ್ಯಾಲೆ ನೀನು ತಿರುಗು. ಶನಿವಾರ ಬಾ, ಭಾನುವಾರ ಸಂಜೆ ಹೋಗು. ಮೈ ತೊಳೆಯೋದು ನಾನು ನೋಡ್ಕೋತೀನಿ. ಉಣ್ಸೋದು, ಬಚ್ಚಲ ತನಕ ಕರ್ಕೊಂಡು ಹೋಗೋದು, ಬಟ್ಟೆ ಒಗೆಯೋದು ನಿಂದು."

"ಅಂಗಡಿ?"

"ಕಾಂಚನಾ ನೋಡ್ಕೋತಾಳೆ. ನೀನು ಇಸ್ಪೀಟಿಗೆ ಹೋದಾಗ ಯಾರು ನೋಡ್ಕೋತಾರೆ?"

"ಬೇಕಾದ್ರೆ ಅವ್ಳನ್ನೇ ಕಳಿಸ್ತೀನಿ ಕಣೇ."

"ಕಾಂಚನಾನ ಹೆತ್ತೋಳು ನಮ್ಮವ್ವ ಅಲ್ಲ."

ಪೆದ್ದಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಗಂಡಸು ಸೀರೆ ಒಗೆದ್ರೆ ಮೊಳಕಾಲ್ಮೂರಾಗೆ ನಗ್ತಾರೆ ನಿಂಗಿ."

"ನಗೋರು ಮೊಳಕಾಲ್ಮೂರಾಗೆ ಇರ್ತಾರೆ. ನೀನು ಒಗೆಯೋದು ಚಳ್ಳಕೆರೆಯಾಗೆ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಿಂಗಕ್ಕನ ಗಂಡ ಪಾಲಾಕ್ಷ ಗೊಳ್ಳನೆ ನಕ್ಕ. "ಸಿಕ್ಕಾಕೊಂಡ್ರಿ ಭಾವ!"

"ನೀವು ನಗಬ್ಯಾಡ್ರಿ," ಎಂದಳು ನಿಂಗಕ್ಕ. "ನಾಳೆಯಿಂದ ಬೆಳಗಿನ ಅಂಬಲಿ ನಿಮ್ದು. ಮಿಲ್ಲಿಗೆ ಹೋಗೋಕೆ ಮುಂಚೆ ಕಾಸಿ, ಅವ್ವಗೆ ಕುಡಿಸಿ ಹೋಗಬೇಕು."

ಪಾಲಾಕ್ಷ ಅಂಬಲಿಯ ಪಾತ್ರೆಯ ಕಡೆ ನೋಡಿದ.

ಅಷ್ಟರಲ್ಲಿ ಕಾಟಮ್ಮ ಬಳಿಯುತ್ತ ಬಳಿಯುತ್ತ ಸೀರೆಯ ತುದಿಗೆ ಬಂದಿದ್ದಳು. ಕುಂಚ ಮಗನ ಬಿಳಿ ಅಂಗಿಗೂ ತಾಗಿತು. ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಗುರುತು ಸಿಗಲಿಲ್ಲ. ಆದರೂ ಮುಖ ಮೆತ್ತಗಾಯಿತು.

"ತೋಳು ನೋಯ್ತಾ ಮಗಾ? ಆಯ್ತು ಬಿಡು. ಇಲ್ಲೇ ಒಂದು ತುತ್ತು ಉಂಡು ಮನೆಗ್ ಹೋಗು. ನಿಮ್ಮವ್ವ ಕಾಯ್ತಿರ್ತಾಳೆ."

ಪೆದ್ದಣ್ಣ ಸೀರೆಯ ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದ. ನಿಂಗಕ್ಕ ಅವ್ವನ ಕೈಯಿಂದ ಕುಂಚ ತೆಗೆದುಕೊಂಡು, ಕೈ ತೊಳೆಸಿ, ಒಳಗೆ ಕರೆದೊಯ್ದು ಮಲಗಿಸಿ ಬಂದಾಗಲೂ ಹಾಗೇ ಇದ್ದ.

"ರಾಗಿ ಒಣಗಿದ್ರೆ ಹೋಗಲ್ಲ ಅಲ್ವಾ?" ಎಂದು ಕೊನೆಗೆ ಕೇಳಿದ. "ಅಂಟುವಾಳಕಾಯಿ ಎಲ್ಲಿಟ್ಟಿದೀಯಾ?"

ಆವತ್ತು ಅವನು ಒಗೆದ ಚಂದವನ್ನು ಪಕ್ಕದ ಮನೆಯ ಕರಿಯಕ್ಕ ಗೋಡೆಯ ಆಚೆಯಿಂದ ನೋಡಿ, ಹಿಂಡಬೇಡ, ಕುಕ್ಕಬೇಡ, ಮಗು ಎತ್ತಿದಂಗೆ ಎತ್ತು ಎಂದು ಹೇಳಿ ಹೇಳಿ ಸುಸ್ತಾದಳು. ಅಂಚಿನಲ್ಲಿ ಕಲೆ ಉಳಿದೇ ಉಳಿಯಿತು. ನಿಂಗಕ್ಕ ಅದೇ ಸೀರೆಯುಟ್ಟು ಮದುವೆಗೆ ಹೋಗಿ ಬಂದಳು. ತುಂಬಿದ್ದ ಚೀಲವನ್ನು ಆವತ್ತೇ ಬಿಚ್ಚಿ ಅವ್ವನ ಸೀರೆಗಳನ್ನು ತನ್ನ ಬೀರುವಿನಲ್ಲೇ ಜೋಡಿಸಿದಳು.

ಪೆದ್ದಣ್ಣ ಮುಂದಿನ ಶನಿವಾರ ಬಂದ. ಅದರ ಮುಂದಿನದಕ್ಕೆ ಸೊಂಟ ನೋವು ಎಂದ. ನಿಂಗಕ್ಕ ಜಗಳವಾಡಲಿಲ್ಲ, ಬಟ್ಟೆ ಹಾಗೇ ನೆನೆಸಿಟ್ಟಿದೀನಿ ಎಂದು ಮಾತ್ರ ಫೋನು ಮಾಡಿದಳು. ಸೋಮವಾರ ಬಂದು ಒಗೆದು ಹೋದ. ಪಾಲಾಕ್ಷನ ಅಂಬಲಿಯಲ್ಲಿ ಮೊದಮೊದಲು ಗಂಟು ಇರುತ್ತಿತ್ತು. ಬರುಬರುತ್ತ ಅದು ಎಷ್ಟು ಹದಕ್ಕೆ ಬಂತೆಂದರೆ, ಕಾಟಮ್ಮ ಬೇರೆ ಯಾರು ಕಾಸಿದರೂ ಮುಖ ತಿರುಗಿಸತೊಡಗಿದಳು. ಅದನ್ನು ಅವನು ಮಿಲ್ಲಿನಲ್ಲೂ ಹೇಳಿಕೊಂಡು ತಿರುಗಿದ.

ಕಾಟಮ್ಮನಿಗೆ ಗುಣವಾಗಲಿಲ್ಲ. ಚಳಿ ಕಳೆದು ಬಿಸಿಲು ಬಲಿಯುವಷ್ಟರಲ್ಲಿ ಎದ್ದು ನಿಲ್ಲುವುದು ನಿಂತುಹೋಯಿತು. ಮಾತು ಕಡಿಮೆಯಾಗಿ, ಉಳಿದದ್ದು ಹೆಚ್ಚಾಗಿ ತೆಲುಗಾಯಿತು. ಆದರೆ ಕಣ್ಣು ತೆರೆದಾಗ ಅದೇ ಸೂರು, ಅದೇ ಕಿಟಕಿ ಕಾಣುತ್ತಿದ್ದವು. ಬಟ್ಟೆ ಬಚ್ಚಿಡುವುದನ್ನು ಬಿಟ್ಟಿದ್ದಳು.

ಒಂದು ಶನಿವಾರ ಮಧ್ಯಾಹ್ನ ನಿಂಗಕ್ಕ ಊಟ ಮುಗಿಸಿ, ಪಾತ್ರೆಯನ್ನು ಹಾಗೇ ಬಿಟ್ಟು, ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಫ್ಯಾನು ಹಾಕಿ, ನೀರು ಚಿಮುಕಿಸಿದ ತಣ್ಣನೆಯ ನೆಲದ ಮೇಲೆ ಚಾಪೆಯೂ ಇಲ್ಲದೆ ಉದ್ದಕ್ಕೆ ಮಲಗಿದಳು. ಹಗಲು ಹೊತ್ತಿನಲ್ಲಿ ಹೀಗೆ ಮಲಗಿದ್ದು ಬಾಣಂತನದಲ್ಲೇ ಇರಬೇಕು. ಆಗಲೂ ಯಾರೋ ಎಬ್ಬಿಸುತ್ತಿದ್ದರು. ಹೊರಗಿನಿಂದ ಅಣ್ಣನ ದನಿ ಕೇಳುತ್ತಿತ್ತು. ಬಾಯ್ ತೆಗಿ ಅವ್ವ, ಆ ಅನ್ನು, ನಮ್ಮ ಬಂಗಾರ ಅಲ್ವಾ ನೀನು, ಎಂದು ಗೋಗರೆಯುತ್ತಿದ್ದ. ನಡುವೆ ಅವ್ವನ ನಗುವಿನಂಥ ಒಂದು ಸದ್ದು. ಆಮೇಲೆ ತಟ್ಟೆ ಉರುಳಿದ ಸದ್ದು.

"ನಿಂಗೀ! ಲೇ ನಿಂಗೀ! ಎಲ್ಲಾ ಉಗುಳಿಬಿಟ್ಳಲ್ಲೇ! ಮೈಮ್ಯಾಲೆಲ್ಲ ಆಗೈತೆ! ಏನ್ ಮಾಡ್ಲಿ?"

ನಿಂಗಕ್ಕನ ಕಾಲು ತಾನಾಗಿಯೇ ಏಳಲು ಹೊರಟಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಒರೆಸು ಅಣ್ಣ," ಎಂದು ಮಲಗಿದಲ್ಲಿಂದಲೇ ಹೇಳಿ, ತಣ್ಣನೆಯ ನೆಲದ ಮೇಲೆ ಮಗ್ಗುಲು ಬದಲಿಸಿದಳು.