ಅರವತ್ತು ಗುಂಡು

ಮದುವೆಯಾದ ಎರಡನೆಯ ವರ್ಷ ಮಾವ ತಮ್ಮ ಬಂದೂಕಿನ ಗುಂಡಿನ ಅಚ್ಚನ್ನು ನನ್ನ ಕೈಗೆ ಕೊಟ್ಟರು. ನೋಡಲು ಅದು ಇಕ್ಕಳದ ಹಾಗಿತ್ತು. ಬಾಯಿ ಮುಚ್ಚಿದರೆ ಒಳಗೆ ದುಂಡನೆಯ ಒಂದು ಪೊಳ್ಳು, ಅದರ ನೆತ್ತಿಯ ಮೇಲೆ ಸೀಸ ಹೊಯ್ಯಲು ಸಣ್ಣ ಕಿಂಡಿ.

"ನನ್ನ ಕೈ ನಡಗಲಿಕತ್ತಾವ ಯವ್ವಾ. ಕಣ್ಣಿಗೂ ಮಂಜು ಬಂದದ. ಇನ್ನ ಮ್ಯಾಲ ಇದು ನಿನ್ನ ಕೆಲಸ" ಎಂದರು.

ಮನೆಯಲ್ಲಿ ಬೇರೆ ಯಾರಿದ್ದರು? ಅತ್ತೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವಲ್ಲಿ ದುಡಿಯುತ್ತಿದ್ದರು, ಹದಿನೈದು ದಿನಕ್ಕೊಮ್ಮೆ ಮೈಯೆಲ್ಲ ಬಿಳಿ ಧೂಳು ಮೆತ್ತಿಕೊಂಡು ಬಂದು ಒಂದು ದಿನ ಮಲಗಿ ಹೋಗುತ್ತಿದ್ದರು. ನೀರು, ರೊಟ್ಟಿ, ದನ, ಹೊಲದ ಕಳೆ, ಇವುಗಳ ಸಾಲಿಗೆ ಸೀಸವೂ ಬಂದು ಕೂತಿತು. ಆಗುವುದಿಲ್ಲ ಎಂದು ಹೇಳಬಹುದು ಎಂಬುದೇ ನನಗೆ ಆಗ ಹೊಳೆಯಲಿಲ್ಲ.

ನಮ್ಮೂರು ಚಿಂಚೋಳಿ ಅಡವಿಯ ಅಂಚಿನಲ್ಲಿತ್ತು. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇದ್ದ ಕಾಲ. ಜೋಳದ ತೆನೆಗೆ ಹಾಲು ತುಂಬುವ ಹೊತ್ತಿಗೆ ಅಡವಿಯಿಂದ ಹಂದಿಗಳು ಇಳಿಯುತ್ತಿದ್ದವು. ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಬೆಳೆ ಕಾಯಲಿಕ್ಕೆಂದು ಮಾವನ ಹೆಸರಿನಲ್ಲಿ ಒಂದು ಬಂದೂಕಿನ ಲೈಸೆನ್ಸ್ ಇತ್ತು. ಬಂದೂಕು ಅವರಪ್ಪನದು. ನಿಜಾಮರ ಕಾಲದಲ್ಲಿ ಅವರಪ್ಪ ಸಾಹೇಬರ ಶಿಕಾರಿಗೆ ಮುಂದೆ ನಡೆದು ದಾರಿ ತೋರಿಸುತ್ತಿದ್ದರಂತೆ.

ಅದು ಬಾಯಿಂದ ತುಂಬುವ ಬಂದೂಕು. ಮೊದಲು ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು. ಆಮೇಲೆ ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಗುಂಡನ್ನು ಕೂರಿಸಿ, ಗಜ ಎಂಬ ಉದ್ದ ಕೋಲಿನಿಂದ ಮದ್ದು ಮುಟ್ಟುವ ತನಕ ಒತ್ತಬೇಕು. ನಳಿಗೆಯ ಒಳಮೈಯಲ್ಲಿ ಸುತ್ತಿಕೊಂಡು ಹೋಗುವ ಗೀರುಗಳಿದ್ದವು. ಗುಂಡು ಸಣ್ಣದಾದರೆ ಗೀರು ಅದನ್ನು ಹಿಡಿಯುವುದಿಲ್ಲ, ಎಲ್ಲೋ ಹೋಗುತ್ತದೆ. ದಪ್ಪವಾದರೆ ಇಳಿಯುವುದೇ ಇಲ್ಲ. ಮಾವ ಇದನ್ನು ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ಸೀಸ ನನ್ನ ತವರಾದ ದಂಡೋತಿಯಿಂದ ಬರುತ್ತಿತ್ತು. ಕಾಗಿಣಾ ದಂಡೆಯಲ್ಲಿ ಮೀನು ಹಿಡಿಯುವವರು ಹಳೆಯ ಬಲೆ ಬಿಸಾಕುವಾಗ ಅದಕ್ಕೆ ಕಟ್ಟಿದ್ದ ಸೀಸದ ತುಂಡುಗಳನ್ನು ನಮ್ಮವ್ವ ಕೇಳಿ ತೆಗೆದಿಡುತ್ತಿದ್ದಳು. ನಾನು ಹಬ್ಬಕ್ಕೆ ಹೋಗಿ ಬರುವಾಗ ಸೀರೆಯ ಗಂಟಿಗಿಂತ ಆ ಗಂಟೇ ಭಾರ. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಹಳೆಯ ಕಬ್ಬಿಣದ ಬಾಣಲೆಯಲ್ಲಿ ಅದನ್ನು ಕರಗಿಸುತ್ತಿದ್ದೆ. ಕರಗಿದ ಮೇಲೆ ಚೂರು ಜೇನುಮೇಣ ಹಾಕಿದರೆ ಭಗ್ಗೆಂದು ಉರಿದು ಕಸವೆಲ್ಲ ಮೇಲೆ ತೇಲುತ್ತದೆ, ಅದನ್ನು ಸೌಟಿನಿಂದ ತೆಗೆಯಬೇಕು. ಅಚ್ಚಿನ ಒಳಗನ್ನು ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಬೇಕು, ಇಲ್ಲದಿದ್ದರೆ ಗುಂಡು ಅಂಟಿಕೊಂಡು ಬೀಳುವುದಿಲ್ಲ. ಅಚ್ಚು ಕಾಯುವ ತನಕ ಮೊದಲ ಐದಾರು ಗುಂಡು ಸುಕ್ಕುಗಟ್ಟಿ ಬರುತ್ತವೆ. ಅವನ್ನು ಮತ್ತೆ ಬಾಣಲೆಗೇ ಹಾಕಬೇಕು. ಒಂದು ಸಲ ನನ್ನ ಹಣೆಯ ಬೆವರಿನ ಹನಿ ಕಾದ ಸೀಸಕ್ಕೆ ಬಿದ್ದು ಸಿಡಿದು, ಬಲಗೈ ಮಣಿಕಟ್ಟಿನ ಮೇಲೆ ನಾಲ್ಕು ಕಡೆ ಸುಟ್ಟಿತು. ಆ ಕಲೆಗಳು ಈಗಲೂ ಇವೆ. ಸೀಸ ಮೈಗೆ ಒಳ್ಳೆಯದಲ್ಲ ಎಂದು ನಮಗೆ ಆಗ ಯಾರೂ ಹೇಳಿರಲಿಲ್ಲ.

ಹೊಯ್ಯುವುದು ಅರ್ಧ ಕೆಲಸ. ಪ್ರತಿ ಗುಂಡಿಗೂ ಕಿಂಡಿಯ ಕಡೆ ಒಂದು ಬಾಲ ಉಳಿದಿರುತ್ತದೆ, ಅದನ್ನು ಕತ್ತರಿಸಬೇಕು. ಆಮೇಲೆ ಅಳತೆ ಪಟ್ಟಿ. ಅದೊಂದು ದಪ್ಪ ಕಬ್ಬಿಣದ ಪಟ್ಟಿ, ನಡುವೆ ಒಂದೇ ಒಂದು ತೂತು. ಗುಂಡನ್ನು ತೂತಿನ ಮೇಲಿಟ್ಟು, ಕಟ್ಟಿಗೆಯ ಗೂಟ ಹಿಡಿದು ಸುತ್ತಿಗೆಯಿಂದ ಬಡಿದರೆ ಅದು ಬಿಗಿಯಾಗಿ ಹಾದು ಆಚೆ ಬೀಳುತ್ತದೆ. ಆಗ ಅದರ ಮೈ ನಳಿಗೆಗೆ ಸರಿಹೋಯಿತು ಎಂದು ಅರ್ಥ. ಕೊನೆಗೆ ಆಡಿನ ಕೊಬ್ಬು, ಜೇನುಮೇಣ ಎರಡನ್ನೂ ಕರಗಿಸಿ, ಗುಂಡುಗಳನ್ನೂ ಬಟ್ಟೆಯ ತುಂಡುಗಳನ್ನೂ ಅದರಲ್ಲಿ ಹೊರಳಿಸಿ ಒಣಗಿಸಿಡಬೇಕು. ಹೀಗೆ ವರ್ಷಕ್ಕೆ ಅರವತ್ತು ಗುಂಡು. ಒಂದು ಕಡಿಮೆಯಾದರೂ ಮಾವ ಸುಮ್ಮನಿರುತ್ತಿರಲಿಲ್ಲ. ಕಾಣದ ಕಣ್ಣಿಗೆ ಬೆರಳೇ ಆಸರೆ, ಚೀಲದೊಳಗೆ ಕೈ ಹಾಕಿ ಎಣಿಸುತ್ತಿದ್ದರು. ಹೊಲದಲ್ಲೂ ಸದ್ದು ಬಂದ ಕಡೆಗೆ ಹಾರಿಸಿ ಹಂದಿಯನ್ನು ಬೆದರಿಸುತ್ತಿದ್ದರು.

ಗುಂಡು ಹೊಯ್ಯತೊಡಗಿದ ನಾಲ್ಕನೆಯ ವರ್ಷ ನನ್ನ ಮಗಳಿಗೆ ಎಂಟು ತಿಂಗಳು. ಹಲ್ಲು ಬರುವ ಜ್ವರ. ಹಗಲೆಲ್ಲ ಕಂಕುಳಲ್ಲೇ ಇರಬೇಕು, ಕೆಳಗಿಟ್ಟರೆ ಅಳು. ತೊಗರಿಯ ಕಳೆ ಮುಗಿದಿರಲಿಲ್ಲ. ಅರವತ್ತನ್ನೂ ಹೊಯ್ದೆ, ನಲವತ್ತನ್ನು ಪಟ್ಟಿಯಲ್ಲಿ ಹಾಯಿಸಿದೆ. ಇಪ್ಪತ್ತು ಉಳಿದಾಗ ಭುಜ ಮೇಲೇಳಲಿಲ್ಲ. ಕೊಬ್ಬೂ ಮುಗಿದಿತ್ತು, ತರಬೇಕೆಂದರೆ ಚಿಂಚೋಳಿ ಪೇಟೆಗೆ ಹೋಗಬೇಕು. ಆ ಇಪ್ಪತ್ತರ ಬಾಲವನ್ನು ಹಾಗೂ ಹೀಗೂ ಚಿವುಟಿದೆ, ಪಟ್ಟಿಗೆ ಹಾಕಲಿಲ್ಲ. ಶೇಂಗಾ ಎಣ್ಣೆ ಸವರಿ, ಒಳ್ಳೆಯ ಗುಂಡುಗಳ ಜೊತೆ ಅದೇ ಚೀಲಕ್ಕೆ ಸುರಿದೆ. ಮಾವ ಎಣಿಸಿದರು. ಅರವತ್ತಿದ್ದವು. "ಶಾಣ್ಯಾಕಿ" ಎಂದರು. ನಾನು ಒಳಗೆ ಹೋಗಿ ಮಗುವಿಗೆ ಹಾಲು ಕುಡಿಸುತ್ತ ಕೂತೆ. ಎದ್ದು ಹೋಗಿ ನಿಜ ಹೇಳಬೇಕು ಅನ್ನಿಸಿತು. ಏಳಲು ಆಗಲಿಲ್ಲ, ಅಷ್ಟೇ.

ಸುಮಾರು ಒಂದು ವಾರವಾಗಿರಬಹುದು. ಸಂಜೆ, ಇನ್ನೂ ಬೆಳಕಿತ್ತು. ಹೊಲದ ಕಡೆಯಿಂದ ಒಂದು ಸದ್ದು ಕೇಳಿತು. ಎರಡನೆಯದಕ್ಕೆ ಕಿವಿಗೊಟ್ಟು ನಿಂತೆ, ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಾವ ಬಂದರು. ಬಂದೂಕಿನ ಬಾಯಿ ಆಕಾಶಕ್ಕೆ, ಗಜ ಇನ್ನೂ ಅದರೊಳಗೇ.

"ಏನಾಯ್ತ್ರಿ ಮಾವಾ?"

"ಒಂದು ಹಾರಿಸಿದೆ. ಎರಡನೇದು ತುಂಬಲಿಕ್ಕೆ ಹೋದ್ರ ಗುಂಡು ನಡುವ ಸಿಕ್ಕೊಂಡದ. ಮುಂದೂ ಹೋಗವಲ್ದು, ಹಿಂದೂ ಬರವಲ್ದು."

ಗಜದ ಮೇಲೆ ಒಂದು ಗೀರು ಇರುತ್ತದೆ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತರೆ ಆ ಗೀರು ನಳಿಗೆಯ ಬಾಯಿಗೆ ಸಮ ಬರಬೇಕು. ಆ ದಿನ ಅದು ಒಂದು ಗೇಣು ಮೇಲೇ ನಿಂತಿತ್ತು.

"ನನಗ ಕಾಣಲಿಲ್ಲ. ಕೈಯಾಡಿಸಿ ನೋಡಿದೆ, ತಿಳೀತು."

"ಹಂಗೇ ಹಾರಿಸಿದ್ರ ಏನ್ ಆಗ್ತಿತ್ರಿ?"

"ನಳಿಗಿ ಸೀಳಿ ಮಾರಿಗೆ ಹೊಡೀತಿತ್ತು" ಎಂದು, ದಿನನಿತ್ಯದ ಮಾತು ಹೇಳುವಂತೆ ಹೇಳಿದರು. ಆಮೇಲೆ ಮದ್ದಿಗೆ ಕಿಡಿ ಹಚ್ಚುವ ಸಣ್ಣ ತಾಮ್ರದ ಟೋಪಿಯನ್ನು ಕೂರಿಸುವ ತೂತಿನಿಂದ ನೀರು ಹಾಕಿಸಿ ಒಳಗಿನ ಮದ್ದನ್ನೆಲ್ಲ ನೆನೆಸಿದರು. ನೀರು ಹಾಕಿದವಳು ನಾನೇ. ಆಗಲೂ ನಾನು ಬಾಯಿ ಬಿಡಲಿಲ್ಲ.

ಸಿಕ್ಕ ಗುಂಡು ತೆಗೆಯಬಲ್ಲವರು ಚಿತ್ತಾಪುರದಲ್ಲಿ ಬಂದೂಕು ರಿಪೇರಿ ಮಾಡುವ ಉಸ್ತಾದ್ ಒಬ್ಬರೇ. ಅಳತೆ ಪಟ್ಟಿಯನ್ನು ಮಾಡಿಕೊಟ್ಟವರೂ ಅವರೇ. ಎರಡು ದಿನ ಬಿಟ್ಟು ಹೊರಟೆವು. ಹೊಲದ ದಾರಿ ಮಾವನ ಕಾಲಿಗೆ ರೂಢಿಯಿತ್ತು, ಪರವೂರಿಗೆ ಅವರೊಬ್ಬರನ್ನೇ ಕಳಿಸುವಂತಿರಲಿಲ್ಲ. ಸೇಡಂ ತನಕ ಬಸ್ಸು, ಅಲ್ಲಿಂದ ಪ್ಯಾಸೆಂಜರ್ ರೈಲು. ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಮಾವ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನನ್ನ ಒಂದು ತೊಡೆಯ ಮೇಲೆ ಮಗು, ಇನ್ನೊಂದರ ಮೇಲೆ ಗುಂಡಿನ ಚೀಲ ಮತ್ತು ಪಟ್ಟಿ. ಎದುರಿಗೆ ಕೂತ ಒಬ್ಬ ಹೆಣ್ಣುಮಗಳು ಕಂಬಳಿಯನ್ನೇ ನೋಡುತ್ತಿದ್ದಳು.

"ಅದೇನ್ರಿ ಮುತ್ಯಾ, ತಂಬೂರಿ ಏನ್ರಿ?" ಎಂದು ಕೇಳಿದಳು.

"ಹೌದವ್ವ, ದನಿ ಕೆಟ್ಟದ" ಎಂದರು ಮಾವ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಉಸ್ತಾದರ ಅಂಗಡಿ ಒಂದು ಗಲ್ಲಿಯ ತುದಿಯಲ್ಲಿತ್ತು. ಬಂದೂಕಿನ ಕೆಲಸ ಕಡಿಮೆಯಾಗಿ ಕೀಲಿ, ಹೊಲಿಗೆ ಮಿಷನ್ನು, ಸ್ಟೋವು ರಿಪೇರಿ ಮಾಡುತ್ತಿದ್ದರು. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. "ಬರ್ರಿ, ಕುಂದ್ರಿ. ಬೇಟಿ, ನೀ ಈ ಕಡಿ ಗಾಳಿಗೆ ಕುಂದ್ರು" ಎಂದು ನನಗೆ ಸ್ಟೂಲು ಸರಿಸಿ, ಚಹಾ ಹೇಳಿದರು. ಆಮೇಲೆ ಬಂದೂಕಿನ ಹಿಡಿ ಬಿಚ್ಚಿ, ನಳಿಗೆಯನ್ನು ಮೇಜಿನ ಪಕ್ಕಡಿನ ಕಬ್ಬಿಣದ ಬಾಯಲ್ಲಿ ಬಿಗಿದು, ತುದಿಗೆ ತಿರುಪಿದ್ದ ಒಂದು ಸರಳನ್ನು ಒಳಗೆ ಬಿಟ್ಟರು. ತಿರುಪು ಮೆತ್ತನೆಯ ಸೀಸವನ್ನು ಕಚ್ಚಿತು. ಎರಡೂ ಕೈಯಿಂದ ಎಳೆದರು. ಕೀರಲು ಸದ್ದು ಮಾಡುತ್ತ ಗುಂಡು ಹೊರಗೆ ಬಂತು. ಸುತ್ತಿದ ಬಟ್ಟೆ ಹರಿದು ಮಸಿಯಾಗಿತ್ತು.

ಉಸ್ತಾದ್ ಅದನ್ನು ಒರೆಸಿ, ಬೆಳಕಿಗೆ ಹಿಡಿದರು. ನನ್ನ ಚೀಲದಿಂದ ಇನ್ನೂ ನಾಲ್ಕು ಗುಂಡು ತೆಗೆದು ಬೆರಳ ನಡುವೆ ಉರುಳಿಸಿದರು.

"ಇದಕ್ಕ ಬಾಲ ಇನ್ನೂ ಅದ. ಇದು ಪಟ್ಟಿಯೊಳಗ ಹೋಗಿಲ್ಲ. ಕೊಬ್ಬೂ ಇಲ್ಲ. ಯಾರು ಮಾಡ್ಯಾರ?"

"ನಾನೇ. ಕಣ್ಣು ಹೋಗ್ಯಾವಲ್ಲ ಉಸ್ತಾದ್, ತಪ್ಪಾಗ್ಯಾದ" ಎಂದರು ಮಾವ.

ಗುಂಡು ಸಿಕ್ಕ ದಿನವೇ ಅವರು ತಿಳಿದುಕೊಂಡಿದ್ದರು. ಎಣಿಸುವಾಗ ಗಮನಿಸದಿದ್ದರೂ, ಆಮೇಲೆ ಚೀಲದೊಳಗೆ ಕೈಯಾಡಿಸಿದವರಿಗೆ ಎಣ್ಣೆ ಯಾವುದು, ಕೊಬ್ಬು ಯಾವುದು ಗೊತ್ತಾಗದೆ ಇರುತ್ತದೆಯೇ? ಎರಡು ದಿನದಿಂದ ಗೊತ್ತಿದ್ದೂ ಸುಮ್ಮನಿದ್ದರು.

"ಅಲ್ಲರಿ, ನಾ ಮಾಡಿದ್ದು. ಇಪ್ಪತ್ತು ಹಂಗೇ ಬಿಟ್ಟೀನಿ. ನನ್ನ ಕೈಲಿ ಆಗಲಿಲ್ಲರಿ" ಎಂದು ಅಂದುಬಿಟ್ಟೆ. ಅಳು ಬಂತು. ನನ್ನನ್ನು ನೋಡಿ ಮಗುವೂ ಅತ್ತಿತು.

ಉಸ್ತಾದ್ ಕನ್ನಡಕ ತೆಗೆದು ಮಾವನ ಕಡೆ ತಿರುಗಿದರು. "ಎಷ್ಟು ಮಾಡಸ್ತೀರಿ ವರ್ಷಕ್ಕ?"

"ಅರವತ್ತು."

"ಹಾರಸೂದು?"

ಮಾವ ಯೋಚಿಸಿದರು. "ಐದು. ಆರು."

"ಮತ್ತ ಅರವತ್ತು ಯಾಕ ಭಾಯಿ?"

"ನಮ್ಮಪ್ಪ ಅರವತ್ತು ಮಾಡ್ತಿದ್ದ" ಎಂದರು ಮಾವ.

"ನಿಮ್ಮಪ್ಪಗ ಸಾಹೇಬರ ಸಂಗಡ ತಿರಗೂದೇ ಕೆಲಸ. ನಿಮಗ ಎರಡು ಹಂದಿ ಬೆದರಸೂದದ. ಹತ್ತು ಮಾಡಸ್ರಿ, ಬರೋಬರಿ ಮಾಡಸ್ರಿ. ಈ ಮಗಳ ಮಾರಿ ನೋಡೀರೇನು?"

ಅರವತ್ತು ಯಾಕೆ ಎಂದು ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ನಾಲ್ಕು ವರ್ಷ ಅರವತ್ತು ಅರವತ್ತು ಎಂದು ಹೊಯ್ದು, ಹಿಂದಿನ ವರ್ಷದ ಐವತ್ತೈದನ್ನು ಹಳೆಯವಾದವು ಎಂದು ಮತ್ತೆ ಕರಗಿಸಿ, ಮತ್ತೆ ಹೊಯ್ದಿದ್ದೆ. ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಮೈಯಲ್ಲಿ ಶಕ್ತಿ ಬೇಕಲ್ಲ. ಗೋಡೆಗೆ ಒರಗಿ ಚಹಾ ಕುಡಿದೆ. ಆರಿಹೋಗಿತ್ತು.

ಮರಳಿ ಬರುವಾಗ ರೈಲಿನಲ್ಲಿ ಮಾವ ಒಂದೇ ಮಾತು ಆಡಿದರು: "ಹೇಳಬೇಕಿತ್ತವ್ವಾ ನೀನು."

"ನೀವೂ ಕೇಳಬೇಕಿತ್ತರಿ" ಎಂದೆ. ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ತಲೆಯಾಡಿಸಿದರು. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಸೇಡಂ ಬರುವ ತನಕ ತಾವೇ ಹಿಡಿದು ಕೂತರು.

ಮುಂದಿನ ವರ್ಷ ಹತ್ತೇ ಗುಂಡು ಹೊಯ್ದೆ. ಮುಂಜಾನೆ ಶುರು ಮಾಡಿದರೆ ರೊಟ್ಟಿಯ ಹೊತ್ತಿಗೆ ಮುಗಿದಿತ್ತು. ಬಾಲ ಕತ್ತರಿಸಿಟ್ಟು ಹೊಲಕ್ಕೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಮಾವ ಪಡಸಾಲೆಯಲ್ಲಿ ಕೂತು ಪಟ್ಟಿ ಇಟ್ಟುಕೊಂಡಿದ್ದಾರೆ. ತೂತನ್ನು ಎಡಗೈ ಬೆರಳಿನಿಂದ ಹುಡುಕಿ, ಗುಂಡು ಕೂರಿಸಿ, ಗೂಟ ಇಟ್ಟು ಬಡಿಯುತ್ತಿದ್ದರು. ನಡುಗುವ ಕೈ ಸುತ್ತಿಗೆಯ ಭಾರಕ್ಕೆ ಕೊಂಚ ನೆಟ್ಟಗಾಗುತ್ತಿತ್ತು. ಹಾದು ಬಿದ್ದ ಗುಂಡನ್ನು ನೆಲದ ಪರಸಿಯ ಮೇಲೆ ಉರುಳಿಸಿ ಕಿವಿಗೊಟ್ಟು ಕೇಳುತ್ತಿದ್ದರು. ಒಳಗೆ ಗಾಳಿ ಸೇರಿದ ಗುಂಡು ಓಲಾಡುತ್ತ ಹೋಗುತ್ತದೆ, ಸದ್ದು ಬೇರೆ.

"ಇದೊಂದು ಪೊಳ್ಳದ" ಎಂದು ಒಂದನ್ನು ನನ್ನ ಕಡೆ ದೂಡಿದರು. ಕತ್ತರಿಸಿ ನೋಡಿದೆ. ನಿಜವಾಗಿಯೂ ನಡುವೆ ಎಳ್ಳಿನಷ್ಟು ತೂತಿತ್ತು. ಕಣ್ಣಿದ್ದ ನನಗೆ ಅದು ಗೊತ್ತಾಗಿರಲಿಲ್ಲ.

ಅಂದಿನಿಂದ ಹೊಯ್ಯುವುದು ನನ್ನದು, ಅಳತೆ ಮತ್ತು ಕೊಬ್ಬು ಅವರದು. ಬಂದೂಕು ಹಿಡಿದು ಹೊಲಕ್ಕೆ ಹೋಗುವುದು ಎರಡು ವರ್ಷದಲ್ಲಿ ತಾನಾಗಿ ನಿಂತಿತು. ಆಮೇಲೆ ನನ್ನ ಗಂಡ ಊರಲ್ಲಿದ್ದಾಗ ಒಂದೋ ಎರಡೋ ಸಲ ಹಾರಿಸಿದ್ದುಂಟು. ಅವರಿಗೆ ಅದು ಇಷ್ಟವಿರಲಿಲ್ಲ, ಕಲ್ಲಿನ ಧೂಳಿಗೆ ಕೆಮ್ಮುವ ಎದೆಗೆ ಬಂದೂಕಿನ ಒದೆತ ಆಗುತ್ತಿರಲಿಲ್ಲ. ಆದರೂ ಮಾವ ಇರುವ ತನಕ ವರ್ಷಕ್ಕೆ ಹತ್ತು ಗುಂಡು ತಯಾರಾದವು. ಯಾರೂ ಅಷ್ಟಾಗಿ ಹಾರಿಸದ ಗುಂಡಿಗೆ ಯಾಕೆ ಇಷ್ಟು ಅಳತೆ ಎಂದು ನಾನೂ ಕೇಳಲಿಲ್ಲ. ಅವರಿಗೆ ಒಂದು ಕೆಲಸವಿತ್ತು, ನನಗೆ ಒಂದು ಕಡಿಮೆಯಾಗಿತ್ತು.

ರಾಜ್ಯದ ಹೆಸರು ಕರ್ನಾಟಕ ಎಂದು ಬದಲಾದ ಮೇಲೆ, ಒಂದು ಚಳಿಗಾಲ ಮಾವ ಹೋದರು. ಬಂದೂಕು ಆಗ ಚಿಂಚೋಳಿ ಠಾಣೆಯಲ್ಲಿತ್ತು. ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕಿತ್ತು. ಬಿಡಿಸಿಕೊಳ್ಳಬೇಕಾದರೆ ಲೈಸೆನ್ಸು ಮನೆಯ ಇನ್ನೊಬ್ಬರ ಹೆಸರಿಗೆ ಆಗಬೇಕು ಎಂದರು.

"ನಿನಗ ಬೇಕೇನು? ನಿನ್ನ ಹೆಸರಿಗೆ ಅರ್ಜಿ ಹಾಕೋಣು" ಎಂದು ನನ್ನ ಗಂಡ ಕೇಳಿದರು. ಹಾಸ್ಯಕ್ಕಲ್ಲ, ನಿಜವಾಗಿಯೇ ಕೇಳಿದ್ದರು.

"ಬ್ಯಾಡ್ರಿ. ಸಾಕಾಗ್ಯಾದ" ಎಂದೆ.

ಬಂದೂಕು ನಮಗೆ ಬೇಡ ಎಂದು ಠಾಣೆಯಲ್ಲಿ ಒಂದು ಕಾಗದದ ಮೇಲೆ ಅವರು ಸಹಿ ಮಾಡಿ ಬಂದರು. ಮುಂದಿನ ಬಿತ್ತನೆಯಲ್ಲಿ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಬಿತ್ತಿದೆವು. ಅದರ ಮುಳ್ಳಿಗೆ ಹಂದಿ ಹಿಂಜರಿಯುತ್ತದೆ ಎಂದು ನೆರೆಯವರು ಹೇಳಿದ್ದರು. ಕೆಲವು ಹಿಂಜರಿದವು, ಕೆಲವು ನುಗ್ಗಿದವು. ಬಂದೂಕು ಇದ್ದಾಗಲೂ ಹೆಚ್ಚು ಕಡಿಮೆ ಅಷ್ಟೇ ಬೆಳೆ ಕೈಗೆ ಬರುತ್ತಿತ್ತು. ಕೊಯ್ಲಿನಲ್ಲಿ ಕುಸುಬಿಯ ಮುಳ್ಳುಗಳು ಅಂಗೈಗೆಲ್ಲ ಚುಚ್ಚಿದವು. ನಾನು ಹಳೆಯ ಸೀರೆಯ ಚಿಂದಿ ಸುತ್ತಿಕೊಂಡು ಕೊಯ್ದೆ.