ಹೊಸ ಡಾಂಬರಿನ ಅಂಕಲ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಶನಿವಾರ ಆಂಟಿಯ ಕರೆ ಬಂದಾಗ ಫೋನೆತ್ತಿ ಅಂಕಲ್ ದನಿಯಲ್ಲಿ ಮಾತಾಡಿದವನು ನಾನೇ. ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಂಥ ದನಿ, ಪ್ರತಿ ಮಾತಿಗೂ ಮುಂಚೆ ಒಂದು 'ಹ್ಞಾಂ'. ಅಂಥ ದನಿ ಪಕ್ಕದ ಮನೆಯಲ್ಲೇ ಇದ್ದರೆ ನನ್ನಂಥವನು ಬಿಟ್ಟಾನೆಯೇ?

ಅಂಕಲ್ ಹುಬ್ಬಳ್ಳಿಯವರು. ವಯಸ್ಸು ಅರವತ್ತರ ಹತ್ತಿರ, ಮೊಣಕೈಗಳಲ್ಲಿ ಮಾತ್ರ ಸ್ಕೂಲ್ ಹುಡುಗರಂತೆ ಸದಾ ಒಣಗುತ್ತಿರುವ ತರಚುಗಾಯ. ಹಿಂದೆ ನಾರ್ತ್ ಸಿಡ್ನಿಯ ಆಫೀಸಿನಲ್ಲಿದ್ದಾಗ ಯಾರೋ ಬೆಟ್ಟಕ್ಕೆ ಕರೆದೊಯ್ದು, ಹಿಮದ ಮೇಲೆ ಮೈಲಿಗಟ್ಟಲೆ ಜಾರುತ್ತ ನಡೆಯುವ ಸ್ಕೀಯಿಂಗ್ ಚಟ ಹಚ್ಚಿದ್ದರಂತೆ. ನಾವೀಗಿರುವ ವಿಂಡಮ್ ವೇಲ್ ಸಬರ್ಬಿನಲ್ಲಿ ಹಿಮ ಎಲ್ಲಿಂದ ಬರಬೇಕು? ಅದಕ್ಕೇ ತುದಿಗಳಲ್ಲಿ ಪುಟ್ಟ ಗಾಲಿಯಿರುವ ಸ್ಕೀ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು, ಎರಡು ಕೋಲು ಹಿಡಿದು ಜಾಗ ಹುಡುಕುತ್ತಿದ್ದರು. ಡಾಕ್‌ಲ್ಯಾಂಡ್ಸ್‌ನ ನೀರಿನಂಚಿನ ಹಲಗೆ ಹಾದಿಯ ಸಂದಿಗೆ ಗಾಲಿ ಸಿಕ್ಕಿ ಬಿದ್ದಾಗ ಜನ ಚಪ್ಪಾಳೆ ತಟ್ಟಿದರು. ಅಂಕಲ್ ಎದ್ದು ಕೈಮುಗಿದರು.

ಕೊನೆಗೆ ಅವರಿಗೊಂದು ಸತ್ಯ ಹೊಳೆಯಿತು. ನಮ್ಮ ಹೊಸ ಬಡಾವಣೆಗಳಲ್ಲಿ ಮನೆಗಿಂತ ಮೊದಲು ರಸ್ತೆ ಬರುತ್ತದೆ. "ಮನಿ ಏಳೂ ಮಟಾ ರಸ್ತೆ ನಮ್ದ, ತಮ್ಮಾ. ಬೆಣ್ಣಿ ಇದ್ದಂಗ ಇರ್ತೈತಿ," ಎನ್ನುತ್ತಿದ್ದರು. ಗ್ಯಾರೇಜಿನ ಗೋಡೆಗೆ ಸಬರ್ಬಿನ ನಕ್ಷೆ ಅಂಟಿಸಿ, ಆ ವಾರದ ರಸ್ತೆಗೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು.

ಹೋದ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ನಿಧಾನಕ್ಕೆ ಜಾರಬಹುದು ಎಂದರು ಡಾಕ್ಟರು. ಒಬ್ಬರೇ ಹೋಗಕೂಡದು ಎಂದರು ಆಂಟಿ. ಕಾವಲಿಗೆ ನೇಮಕವಾದವನು ನಾನು.

ಆ ಶನಿವಾರ ಕಾವಲುಗಾರನಿಗೆ ಕಾಫಿ ಬೇಕಾಯಿತು. ಅಂಕಲ್ ಅವರನ್ನು ರಸ್ತೆಗೆ ಬಿಟ್ಟು ಕಾರಿನಲ್ಲಿ ಕೆಫೆಗೆ ಹೋದೆ. ಅವರು ಕಾರಿನಲ್ಲೇ ಬಿಟ್ಟಿದ್ದ ಫೋನು ರಿಂಗಾಯಿತು. ಆಂಟಿ.

"ಹ್ಞಾಂ, ಇಲ್ಲೇ ಹುಡುಗನ ಜೋಡಿ ಅದೀನಿ," ಎಂದೆ ಅಂಕಲ್ ದನಿಯಲ್ಲಿ. ಪಾತ್ರದಲ್ಲಿ ಇನ್ನಷ್ಟು ಮುಳುಗಿ, "ನಿಂದು ಊಟಾ ಆತೇನು?" ಎಂದೂ ಸೇರಿಸಿದೆ.

"ಆತು," ಎಂದು ಆಂಟಿ ಫೋನಿಟ್ಟುಬಿಟ್ಟರು. ನನ್ನ ಪ್ರತಿಭೆಗೆ ಬಹುಮಾನವಾಗಿ ಮಫಿನ್ನೂ ತಿಂದೆ.

ವಾಪಸ್ ಬಂದರೆ ರಸ್ತೆ ಖಾಲಿ. ತಿರುವಿನಲ್ಲಿ ಒಂದು ಕೋಲು ಮಾತ್ರ ಬಿದ್ದಿತ್ತು. ಕೂಗಲು ಬಾಯಿ ತೆರೆದೆ. ಊರವರ ದನಿಯೆಲ್ಲ ಬರುವ ಗಂಟಲಿಗೆ ನನ್ನ ದನಿಯೇ ಬರಲಿಲ್ಲ.

"ಬಂದ್ಯಾ ತಮ್ಮಾ?" ಎಂದಿತು ಪೈಪಿನ ರಾಶಿಯ ಹಿಂದಿನಿಂದ ಹೋಳಿಗೆ ದನಿ. "ಎದಿ ಗಟ್ಟಿ ಐತಿ. ಕಾಲಷ್ಟ ಉಳುಕೇತಿ."

ಪೈಪುಗಳತ್ತ ಓಡಿದೆ. ಅಂಕಲ್ ಈಗಲೂ ಜಾರುತ್ತಿದ್ದಾರೆ. ಅದಕ್ಕೇ ಇದನ್ನೆಲ್ಲ ನಗುತ್ತ ಬರೆಯುವ ಮುಖ ನನಗಿದೆ. ಈಗ ಕಾಫಿಯನ್ನು ಫ್ಲಾಸ್ಕಿನಲ್ಲಿ ಒಯ್ಯುತ್ತೇನೆ.

ಅಂದು ಪೈಪಿನ ಮರೆಯಲ್ಲಿ ಕಾರು ನಿಲ್ಲಿಸಿ, ಅಂಕಲ್ ಪಕ್ಕದಲ್ಲೇ ಕೂತಿದ್ದರು ಆಂಟಿ. ನನ್ನ ಜೊತೆ ಮಾತಾಡಿ ಫೋನಿಟ್ಟವರೇ ಗ್ಯಾರೇಜಿನ ಕೆಂಪು ಗುರುತು ನೋಡಿ ಕಾರು ಹತ್ತಿದ್ದರಂತೆ.

"ಆದರೆ ನಾನು ಅಂತ ಹೇಗೆ ಗೊತ್ತಾಯ್ತು ಆಂಟಿ? ವಾಯ್ಸ್ ಪರ್ಫೆಕ್ಟ್ ಆಗಿತ್ತಲ್ಲ," ಎಂದೆ, ನಾಚಿಕೆಯಿಲ್ಲದೆ.

ಗಂಡನ ಕಾಲಿಗೆ ದುಪಟ್ಟಾ ಬಿಗಿಯುತ್ತಲೇ ಆಂಟಿ ಅಂದರು: "ಲಗ್ನಾಗಿ ಮೂವತ್ತು ವರ್ಷ ಆತು, ಊಟಾ ಆತೇನಂತ ಇವ್ರು ಒಮ್ಮಿನೂ ಕೇಳಿಲ್ಲಪಾ. ನೀ ಕೇಳಿದಿ ನೋಡು, ಅಲ್ಲೇ ಸಿಕ್ಕಿಬಿದ್ದಿ."