ಪರದೆಗೆ ಹೊದಿಸಿದ ಟವೆಲ್

ಇಂಡಿ ಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಲಿಂಬೆ ದಲಾಲಿ, ಬಜಾರಿನಲ್ಲಿ ಬೇರೆಯವರಿಗೆ ತಿಳಿಯದಂತೆ ಟವೆಲ್ಲಿನಡಿ ಬೆರಳು ಹಿಡಿದೇ ದರ ಮುಗಿಸುತ್ತಿದ್ದರು. ಇಂಟರ್‌ನೆಟ್ ಇರುವ ಹೊಸ ಕಾರು ತಂದಮೇಲೆ, ಮಾತಿಗೆ ಮೊದಲು ಅದೇ ಟವೆಲ್ಲನ್ನು ಅದರ ಪರದೆಗೆ ಹೊದಿಸುತ್ತಿದ್ದರು.

"ಗಾಡಿ ಕೇಳ್ತೈತ್ರಿ. ನಮ್ಮ ಮಾತು ಎಲ್ಲಿಗೆ ಹೋಗ್ತೈತೋ ಏನೋ."

ಮೈಕು ಪರದೆಯಲ್ಲಿಲ್ಲ, ತಲೆಯ ಮೇಲೆ ಕಾರಿನ ಚಾವಣಿಯಲ್ಲಿದೆ ಎಂದು ನಾನು ತೋರಿಸಿದರೂ ಟವೆಲ್ ಕದಲಲಿಲ್ಲ. ಹತ್ತಿರದ ಝಳಕಿ ಊರಿಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಇದನ್ನು ನೋಡಿ ನಗುತ್ತಿದ್ದರು.

ಆಕೆ ತೀರಿಕೊಂಡ ಮೇಲೆ ಒಂದು ಸಂಜೆ, ಅಂಗಳದಲ್ಲಿ ನಿಂತ ಕಾರಿನೊಳಗೆ ದಲಾಲಿ ಒಬ್ಬರೇ ಕೂತು ಮಾತಾಡುತ್ತಿದ್ದರು. ಟವೆಲ್ ಹೆಗಲ ಮೇಲಿತ್ತು. ನಾನು ಗಾಜು ತಟ್ಟಿದೆ; ಅವರು ಇಳಿಸಿದರು.

"ಪರದೆ ಹಂಗ ಬಿಟ್ಟೀರಲ್ರಿ?" ಎಂದೆ.

"ಇರ್ಲಿ ಬಿಡ್ರಿ. ಮನ್ಯಾಗ ಕೇಳೋರು ಯಾರದಾರ?" ಎಂದವರು ಮತ್ತೆ ಗಾಜು ಏರಿಸಿದರು.